ಮುಚ್ಚಿಹೋದ ರೋಮಕೂಪಗಳು

ಪಂಚಮಿಗೆಂದು ತವರಿಗೆ ಬಂದಿದ್ದ ನಮ್ಮ ತಂಗಿ, ತಲೆಯ ಮೇಲಿನ ಸೆರಗನ್ನು ಸರಿಸದೆಯೇ, 'ಅಣ್ಣಾ, ನೆತ್ತಿ ಉರೀತದ. ಕೂದಲಾ ಬಾಳ ಉದುರಲಿಕ್ಕೆ ಹತ್ಯಾವ' ಎಂದಳು. ಆಗ ಆಕೆಗೆ 52 ವರ್ಷ. ನಾವು ಕೈಯಲ್ಲಿದ್ದ ಗ್ರಂಥದಿಂದ ಕಣ್ಣೆತ್ತದೆ, ವಯಸ್ಸಾದಂತೆ ಕೇಶ ನಶಿಸುವುದು ದೇಹಧರ್ಮ, ಅದಕ್ಕಾಗಿ ಕೊರಗುವುದು ತರವಲ್ಲವೆಂದು ಬೋಧಿಸಿದೆವು. ಸೆರಗು ಸರಿಸಿ ತೋರಿಸೆಂದು ಕೇಳಲೂ ಇಲ್ಲ. ಆಕೆ ಮರುಮಾತಾಡದೆ ಅಡುಗೆಮನೆಗೆ ಹೋದಳು.

ಮುಂದಿನ ಎರಡು ವರ್ಷ ಈರುಳ್ಳಿಯ ರಸ, ನೆರೆಯವರು ಹೇಳಿದ ತೈಲ, ಹರಕೆ ಎಲ್ಲವೂ ನಡೆದವು. ಕೊನೆಗೆ ಮಗಳು ಹಟ ಹಿಡಿದು ಚರ್ಮವೈದ್ಯರಲ್ಲಿಗೆ ಕರೆದೊಯ್ದಳು. ವೈದ್ಯರು ಭೂತಗನ್ನಡಿಯಲ್ಲಿ ನೋಡಿದಾಗ, ಉಳಿದ ಕೂದಲುಗಳ ಬುಡದ ಸುತ್ತ ಕೆಂಪು, ಹೊಟ್ಟಿನಂತಹ ಪದರ. ಬೋಳಾದ ಕಡೆ ರಂಧ್ರಗಳೇ ಇಲ್ಲದ, ಹೊಳೆಯುವ ನುಣುಪು ಚರ್ಮ. ಮರಗಟ್ಟಿಸುವ ಸೂಜಿ ಕೊಟ್ಟು ಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳುಹಿಸಿದರು. ಬಂದ ಹೆಸರು ಲೈಕನ್ ಪ್ಲಾನೋಪಿಲಾರಿಸ್.

ಇದು ಅಪರೂಪದ ವ್ಯಾಧಿ. ನಡುವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚು. ದೇಹವನ್ನು ಕಾಯಬೇಕಾದ ರಕ್ತಕಣಗಳೇ ರೋಮಕೂಪದ ಮೇಲೆ ಎರಗುತ್ತವೆ. ಹೊಸ ಕೂದಲನ್ನು ಹುಟ್ಟಿಸುವ ಮೂಲಕೋಶಗಳಿರುವ ಭಾಗವೇ ನಾಶವಾಗಿ ಅಲ್ಲಿ ಗಾಯದ ಕಲೆ ಕೂಡುತ್ತದೆ. ಕಲೆಗಟ್ಟಿದ ಮೇಲೆ ಅಲ್ಲಿ ಮತ್ತೆ ಕೂದಲು ಮೊಳೆಯುವುದಿಲ್ಲ. ಇದು ಅಂಟುರೋಗವಲ್ಲ. ಹಣೆಯ ಅಂಚಿನಿಂದ ಕೂದಲು ಹಿಂದೆ ಸರಿಯುವ, ಹುಬ್ಬೂ ಉದುರುವ ಇದರ ಇನ್ನೊಂದು ಬಗೆಯನ್ನು 1994ರಲ್ಲಿ ಆಸ್ಟ್ರೇಲಿಯಾದ ವೈದ್ಯ ಸ್ಟೀವನ್ ಕೊಸ್ಸಾರ್ಡ್ ವರ್ಣಿಸಿದರು. ಚಿಕಿತ್ಸೆಯ ಗುರಿ ಹೋದುದನ್ನು ತರುವುದಲ್ಲ, ಇದ್ದುದನ್ನು ಉಳಿಸುವುದು: ಸ್ಟೀರಾಯ್ಡ್ ಲೇಪನ, ನೆತ್ತಿಗೇ ಕೊಡುವ ಸೂಜಿ, ಮಲೇರಿಯಾಕ್ಕೆ ಬಳಸುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ. ಈ ಮಾತ್ರೆ ನುಂಗುವವರು ಕಣ್ಣಿನ ಪರೀಕ್ಷೆಯನ್ನೂ ಮಾಡಿಸುತ್ತಿರಬೇಕು. ಉರಿ, ತುರಿಕೆ, ನೋವಿನೊಡನೆ ಕೂದಲುದುರಿದರೆ ತಾಯಂದಿರು ತೈಲಗಳನ್ನು ಪರೀಕ್ಷಿಸುತ್ತ ಕೂಡದೆ ವೈದ್ಯರಿಗೆ ತೋರಿಸಬೇಕು.

ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮಠದ ಪಾಠಶಾಲೆಯಲ್ಲಿ ಪಂಡಿತರು ಹೇಳಿಕೊಟ್ಟಿದ್ದ ಸುಶ್ರುತಸಂಹಿತೆಯ ನಿದಾನಸ್ಥಾನ ನೆನಪಾಗಿತ್ತು. ಪಿತ್ತವು ವಾತದೊಡನೆ ಸೇರಿ ಕೂದಲನ್ನು ಉದುರಿಸುತ್ತದೆ. ಬಳಿಕ ಕಫವು ರಕ್ತದೊಡನೆ ರೋಮಕೂಪಗಳನ್ನು ಮುಚ್ಚುವುದರಿಂದ ಬೇರೆ ಕೂದಲು ಹುಟ್ಟುವುದಿಲ್ಲವೆಂದು ಇಂದ್ರಲುಪ್ತದ ವಿಷಯದಲ್ಲಿ ಅದು ಹೇಳುತ್ತದೆ. ಆ ರೋಗವೇ ಈ ರೋಗವೆಂದು ನಾವು ಸಾಧಿಸಹೊರಟಿಲ್ಲ. ಆದರೆ ರಂಧ್ರ ಮುಚ್ಚುವ ಮಾತು ನಮಗೆ ಕಂಠಪಾಠವಾಗಿತ್ತು. ತಂಗಿಯಾಡಿದ 'ಉರಿ' ಎಂಬ ಮಾತು ಮಾತ್ರ ಕಿವಿಗೆ ಬಿದ್ದಿರಲಿಲ್ಲ.

ಈಗ ಉರಿ ನಿಂತಿದೆ. ಅಂಗೈಯಗಲದ ಬೋಳು ಹಾಗೆಯೇ ಇದೆ. ಈ ವರ್ಷದ ಪಂಚಮಿಗೆ ಬಂದವಳು ಪಡಸಾಲೆಯಲ್ಲಿ ಕುಳಿತು ತಾನೇ ಸೆರಗು ಸರಿಸಿ, 'ಹೊಸಾದು ಏನರ ಆಗೇದೇನು, ನೋಡಣ್ಣಾ' ಎಂದಳು. ನಾವು ಗ್ರಂಥವನ್ನು ಮಡಿಸಿ, ಕನ್ನಡಕ ಏರಿಸಿ, ಆಕೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆವು.