ಅಳಗುಳಿ ಮಣೆಯ ಲೆಕ್ಕ

ಕತ್ರಿಗುಪ್ಪೆ ವಾಟರ್ ಟ್ಯಾಂಕಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಸಂಜೆ ಕರೆಂಟ್ ಹೋದರೆ ಬೀದಿಯ ಮಕ್ಕಳೆಲ್ಲ 'ಹೋ' ಎಂದು ಕೂಗುತ್ತಾರೆ. ಈ ಮನೆಯ ಹದಿಮೂರರ ಹುಡುಗಿ ಮಾತ್ರ ಹೋಂವರ್ಕು ನಿಲ್ಲಿಸುವುದಿಲ್ಲ. ಫ್ಯಾನು ನಿಂತದ್ದು ಅವಳಿಗೂ ತಿಳಿಯುತ್ತದೆ, ಅಷ್ಟೆ. ಬೆರಳು ಮುಂದಿನ ಸಾಲಿಗೆ ಸರಿಯುತ್ತದೆ.

ಅವಳು ಏಳು ತಿಂಗಳಿಗೇ ಹುಟ್ಟಿದ ಮಗು. ತೂಕ ಒಂದೂಕಾಲು ಕಿಲೋ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಟ್ಟ ನರ್ಸಿಂಗ್ ಹೋಂನಲ್ಲಿ ಕಣ್ಣಿನ ಪರೀಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯನ್ನೇ ಕಸಿಯಬಹುದು. ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷಿಸಿ, ಬೇಕಾದರೆ ಲೇಸರ್ ಚಿಕಿತ್ಸೆ ಕೊಟ್ಟರೆ ಎಷ್ಟೋ ಕಣ್ಣುಗಳು ಉಳಿಯುತ್ತವೆ. ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆ ಜಿಲ್ಲೆಗಳ ಶಿಶುಗಳನ್ನು ಅವರಿದ್ದಲ್ಲಿಯೇ ಪರೀಕ್ಷಿಸಲು ಹೊರಟದ್ದು ಇದೇ ಕಾರಣಕ್ಕೆ. ಈ ತಂದೆತಾಯಿಗೆ ವಿಷಯ ತಿಳಿದಾಗ ಮಗುವಿಗೆ ಐದು ತಿಂಗಳು. ಗಿಲಕಿಯ ಸದ್ದಿಗೆ ತಿರುಗುವ ಮಗು ದೀಪಕ್ಕೆ ತಿರುಗುತ್ತಿರಲಿಲ್ಲ.

ಮೊದಲ ಆರು ವರ್ಷ ತಾಯಿ ಅವಳನ್ನು ಕೆಳಗಿಳಿಸಿದ್ದೇ ಕಡಿಮೆ. ತುತ್ತು ಅವರದು, ಜಡೆ ಅವರದು, ಉತ್ತರವೂ ಅವರದೇ. 'ನಿನ್ನ ಹೆಸರೇನು ಪುಟ್ಟೀ?' ಎಂದು ಯಾರಾದರೂ ಕೇಳಿದರೆ ತಾಯಿಯೇ ಹೇಳಿಬಿಡುತ್ತಿದ್ದರು. ಇದನ್ನು ಮುರಿದವರು ತುಮಕೂರಿನಿಂದ ಬಂದ ಅಜ್ಜಿ. ಒಂದು ಮಧ್ಯಾಹ್ನ ಅಟ್ಟದಿಂದ ಅಳಗುಳಿ ಮಣೆ ಇಳಿಸಿ, ಹುಣಸೆ ಬೀಜ ತುಂಬಿ, ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡರು. ಅತ್ತ ಏಳು ಗುಳಿ, ಇತ್ತ ಏಳು ಗುಳಿ. 'ಕಣ್ಣು ಯಾಕೇ ಇದಕ್ಕೆ? ಕೈಗೆ ಸಿಗತ್ತಲ್ಲ' ಎಂದರು. ಮೂರು ವಾರಗಳಲ್ಲಿ ಅಜ್ಜಿ ಸೋಲತೊಡಗಿದರು. ಯಾವ ಗುಳಿಯಲ್ಲಿ ಎಷ್ಟು ಬೀಜ ಉಳಿದಿದೆ ಎಂಬುದು ಮಣೆ ಮುಟ್ಟದೆಯೇ ಹುಡುಗಿಗೆ ನೆನಪಿರುತ್ತಿತ್ತು.

ಎಂಟನೆಯ ತರಗತಿಯ ಕೊನೆಗೆ ಶಾಲೆಯಿಂದ ಕರೆ ಬಂತು. ಕ್ಲಾಸ್ ಟೀಚರು ಒಳ್ಳೆಯ ಹೆಂಗಸು, ಮೃದುವಾಗಿಯೇ ಹೇಳಿದರು. ಎಸ್ಸೆಸ್ಸೆಲ್ಸಿಯಲ್ಲಿ ದೃಷ್ಟಿ ಇಲ್ಲದ ಮಕ್ಕಳಿಗೆ ಗಣಿತದ ಬದಲು ಸಮಾಜಶಾಸ್ತ್ರ, ವಿಜ್ಞಾನದ ಬದಲು ರಾಜ್ಯಶಾಸ್ತ್ರ ಬರೆಯುವ ಅವಕಾಶವಿದೆ. ಈಗಿನಿಂದಲೇ ಅದಕ್ಕೆ ಸಿದ್ಧಪಡಿಸಿದರೆ ಫಸ್ಟ್ ಕ್ಲಾಸ್ ಖಂಡಿತ.

ನಿಜ ಹೇಳಬೇಕೆಂದರೆ ತಾಯಿಗೆ ಒಳಗೊಳಗೇ ಹಗುರವೆನಿಸಿತು. ದಿನವೂ ಎರಡು ಗಂಟೆ ಗಣಿತದ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವವರು ಅವರೇ. ಆ ಹೊತ್ತಿನಲ್ಲಿ ನಾಲ್ಕನೇ ಕ್ಲಾಸಿನ ಮಗ ಎದುರು ಮನೆಯ ಟೀವಿಯ ಮುಂದೆ ಬೆಳೆಯುತ್ತಿದ್ದ. ಅವನ ಪುಸ್ತಕ ತೆರೆದು ನೋಡಿ ಎಷ್ಟು ದಿನವಾಯಿತೆಂದು ಅವರಿಗೇ ನೆನಪಿರಲಿಲ್ಲ. ಇಂಥ ಮನೆಗಳಲ್ಲಿ ಎರಡನೆಯ ಮಗುವಿನ ಮಾತು ಯಾರೂ ಆಡುವುದಿಲ್ಲ.

ತಂದೆಯೂ ಒಪ್ಪಿದರು. 'ಸುಮ್ನೆ ಯಾಕೆ ಕಷ್ಟ? ಪಾಸಾಗ್ಲಿ, ಡಿಗ್ರಿ ಮಾಡ್ಲಿ, ಬ್ಯಾಂಕ್ ಎಗ್ಸಾಮ್ ಬರೀಲಿ.'

'ಬ್ಯಾಂಕ್ ಎಗ್ಸಾಮಲ್ಲೂ ಲೆಕ್ಕ ಇರತ್ತಪ್ಪಾ' ಎಂದಳು ಹುಡುಗಿ.

ಇದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಹತ್ತರಲ್ಲಿ ಗಣಿತ ಬಿಟ್ಟವರಿಗೆ ಮುಂದೆ ಎಷ್ಟು ದಾರಿಗಳು ಮುಚ್ಚುತ್ತವೆ ಎಂದು ಸಲಹೆ ಕೊಡುವವರು ಹೇಳುವುದು ಅಪರೂಪ. ನ್ಯೂಯಾರ್ಕಿನಲ್ಲಿ 1918ರಲ್ಲಿ ಹುಟ್ಟುಕುರುಡನಾಗಿ ಜನಿಸಿದ ಅಬ್ರಹಾಂ ನೆಮೆತ್‌ಗೂ ಹೀಗೇ ಆಗಿತ್ತು. ಗಣಿತ ನಿನಗಾಗದು ಎಂಬ ಮಾತು ಕೇಳಿ ಮನಶ್ಶಾಸ್ತ್ರ ಓದಿದ ಆತ, ಕಡೆಗೆ ಗಣಿತಕ್ಕೇ ಮರಳಿ ಡೆಟ್ರಾಯಿಟ್ ವಿಶ್ವವಿದ್ಯಾನಿಲಯದಲ್ಲಿ ಅದನ್ನೇ ಕಲಿಸಿದರು. ಆರು ಚುಕ್ಕಿಗಳ ಬ್ರೈಲ್‌ನಲ್ಲಿ ಭಿನ್ನರಾಶಿ, ವರ್ಗಮೂಲಗಳನ್ನು ಬರೆಯುವ ಕ್ರಮವನ್ನೂ ರೂಪಿಸಿದರು. ನೆಮೆತ್ ಕೋಡ್ ಎಂಬ ಆ ಕ್ರಮ ನಮ್ಮಲ್ಲೂ ಬಳಕೆಯಲ್ಲಿದೆ. ಕನ್ನಡದ ಬ್ರೈಲ್ ಕಲಿತ ಮಗುವಿಗೆ ಅದು ಇನ್ನೊಂದು ಮಗ್ಗಿ ಇದ್ದಂತೆ, ಕಲಿಸುವವರು ಸಿಗಬೇಕು.

ಹದಿನೈದು ದಿನ ಮನೆಯಲ್ಲಿ ಮಾತುಕತೆ ನಡೆಯಿತು. ಕೊನೆಗೆ ತಂದೆ ಶಾಲೆಗೆ ಹೋಗಿ, 'ಗಣಿತವೇ ಇರಲಿ ಮೇಡಂ' ಎಂದು ಹೇಳಿ ಬಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳುತ್ತದೆ. ಆದರೆ ಬರೆದುಕೊಡುವವರಿಗೆ ತ್ರಿಕೋನದ ಕೋನ ಯಾವುದೆಂದು ಬಾಯಲ್ಲಿ ಹೇಳಬೇಕಲ್ಲ, ಅದನ್ನು ಯಾವ ಕಾಯ್ದೆಯೂ ಕಲಿಸುವುದಿಲ್ಲ.

ಒಂಬತ್ತರ ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು ಬಂತು. ಬೀಜಗಣಿತ ಸಲೀಸು, ರೇಖಾಗಣಿತವೇ ಕಗ್ಗಂಟು. ತಂದೆ ಏನೂ ಅನ್ನಲಿಲ್ಲ. ತಾಯಿ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು.

ಈಗ ಚಿತ್ರ ಮಾಡುವ ಕೆಲಸ ತಮ್ಮನದು. ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಫೆವಿಕಾಲ್ ಹಚ್ಚಿ, ಅಮ್ಮನ ಹೊಲಿಗೆ ಡಬ್ಬಿಯ ದಪ್ಪ ದಾರ ಅಂಟಿಸುತ್ತಾನೆ. ಶೃಂಗಕ್ಕೊಂದು ಸಾಸಿವೆ ಕಾಳು. ಮೊನ್ನೆ ವೃತ್ತವೊಂದಕ್ಕೆ ಸ್ಪರ್ಶಕ ಅಂಟಿಸಿ, ಅಕ್ಕ ಕೈಚಾಚುವುದನ್ನು ಕಂಡು ಕೂಗಿದ:

'ಏಯ್, ಒಣಗೋವರೆಗೂ ಮುಟ್ಬೇಡ ಕಣೇ!'

'ಮುಟ್ಟದೆ ಹೆಂಗೋ ನೋಡ್ಲಿ?' ಎಂದು ಅವಳು ಹಸಿ ಅಂಟಿನ ಮೇಲೆಯೇ ಬೆರಳಿಟ್ಟಳು.