ಐದನೆಯ ದಿನದ ಫೋನು

ಐವಿಎಫ್ ಚಿಕಿತ್ಸೆಗಾಗಿ ಅಂಡಾಣು ತೆಗೆಸಿಕೊಂಡು ತುಮಕೂರಿಗೆ ಮರಳಿದ ಮೇಲೆ ಹೊಟ್ಟೆ ಉಬ್ಬರಿಸಿ ಮಗ್ಗುಲು ಹೊರಳಲಾಗದೆ ಮಲಗಿದ್ದೆ. ನೋವಿಗಿಂತ ಹೆಚ್ಚು ಕಾಡಿದ್ದು ಫೋನು. ಬೆಂಗಳೂರಿನ ಲ್ಯಾಬಿನವರು ಮೊದಲು ಎಷ್ಟು ಅಂಡಾಣು ಫಲಿಸಿದವು ಎಂದು ಹೇಳಿದರು, ಆಮೇಲೆ ಎಷ್ಟು ಉಳಿದವು ಎಂದು. ಕರೆಯಿಂದ ಕರೆಗೆ ಲೆಕ್ಕ ಇಳಿಯುತ್ತಿತ್ತು. ಐದನೆಯ ದಿನಕ್ಕೆ ಉಳಿದದ್ದು ಎರಡು ಭ್ರೂಣ. ಒಂದು 4ಎಬಿ, ಇನ್ನೊಂದು 3ಬಿಸಿ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೂ ಅದು ಅರ್ಥವಾಗಲಿಲ್ಲ, ಕೇಳಿ ತಿಳಿದುಕೊಂಡೆ. ಅಂಕಿ ಭ್ರೂಣ ಎಷ್ಟು ಹಿಗ್ಗಿದೆ ಎನ್ನುವುದಕ್ಕೆ, 1ರಿಂದ 6ರವರೆಗೆ. ಮೊದಲ ಅಕ್ಷರ ಮಗುವಾಗಬೇಕಾದ ಒಳಗಿನ ಜೀವಕೋಶಗಳಿಗೆ, ಎರಡನೆಯದು ಮುಂದೆ ಮಾಸಾಗುವ ಹೊರಪದರಕ್ಕೆ. ಮೈಕ್ರೊಸ್ಕೋಪಿನಲ್ಲಿ ಕಣ್ಣಿಂದ ನೋಡಿ ಕೊಡುವ ದರ್ಜೆ ಅದು. ವರ್ಣತಂತುಗಳು ಸರಿಯಿವೆಯೇ ಎಂಬುದು ಅದರಲ್ಲಿ ಕಾಣುವುದಿಲ್ಲ. ಈ ಕೊನೆಯ ಮಾತನ್ನು ಆಗ ಯಾರೂ ನನಗೆ ಹೇಳಿರಲಿಲ್ಲ.

ಅಂಡಾಣು ತೆಗೆಯುವುದಕ್ಕೆ ಮುಂಚಿನ ಇಂಜೆಕ್ಷನ್‌ಗಳ ಕಾಲವನ್ನು ಬೇಗ ಹೇಳಿ ಮುಗಿಸುತ್ತೇನೆ. ತವರು ಗುಬ್ಬಿ. ಚನ್ನಬಸವೇಶ್ವರ ಸ್ವಾಮಿ ಜಾತ್ರೆಗೆ ಹೋದಾಗಲೂ ಐಸ್ ಪ್ಯಾಕಿನ ಡಬ್ಬಿ ಜೊತೆಗಿತ್ತು. ಚುಚ್ಚುವ ಹೊತ್ತಾಯಿತೆಂದು ಜನರ ನಡುವಿನಿಂದ ಎದ್ದು ಬರುವಾಗ "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಎಂದು ಯಾರಾದರೂ ಕೇಳುತ್ತಿದ್ದರು. ಇಲ್ಲ ಎಂದು ಹೇಳಿ ಹೇಳಿ ನಾಲಿಗೆ ಒಣಗಿತ್ತು.

ಮೊದಲು 4ಎಬಿಯನ್ನು ಗರ್ಭಕೋಶದಲ್ಲಿ ಇಟ್ಟರು. ನಿಲ್ಲಲಿಲ್ಲ. ರಕ್ತಪರೀಕ್ಷೆಯ ಫಲಿತಾಂಶ ಬಂದದ್ದು ಶಾಲೆಯಲ್ಲಿದ್ದಾಗ, ಇನ್ನೂ ಒಂದು ಪೀರಿಯಡ್ ಬಾಕಿಯಿತ್ತು. ಹೋಗಿ ಪಾಠ ಮಾಡಿದೆ. ಏನು ಮಾಡಿದೆನೋ ನೆನಪಿಲ್ಲ.

ಕುಣಿಗಲ್‌ನ ಗಂಡನ ಮನೆಯಲ್ಲಿ ಅಡುಗೆಮನೆಯ ಮಾತು ಕಿವಿಗೆ ಬಿತ್ತು. "ಎಂಬ್ರಿಯೊ ಚೆನ್ನಾಗೇ ಇತ್ತಂತೆ ಕಣೆ. ಇವಳ ಹೊಟ್ಟೇಲೇ ಏನೋ ಐತೆ." ಹೀಗೆಂದ ಅತ್ತೆ ಕೆಟ್ಟವರಲ್ಲ. ನೋಡಲು ಚೆನ್ನಾಗಿರುವ ಭ್ರೂಣದಲ್ಲೂ ವರ್ಣತಂತುಗಳು ಏರುಪೇರಾಗಿರಬಹುದು, ಅಂಥದ್ದು ಹೆಚ್ಚಾಗಿ ನಿಲ್ಲುವುದಿಲ್ಲ. ಇದು ಗೊತ್ತಿಲ್ಲದ ಮನೆಯಲ್ಲಿ ಒಳ್ಳೆಯ ದರ್ಜೆ ಹೆಂಗಸಿನ ಮೇಲೆ ತಪ್ಪು ಹೊರಿಸುತ್ತದೆ. ಆ ಭಾರ ಹೊತ್ತು ಎಷ್ಟೋ ರಾತ್ರಿ ಕಳೆದೆ.

ಉಳಿದ ಭ್ರೂಣವನ್ನು ಇಡಿಸುವ ಮೊದಲು ಆಸ್ಪತ್ರೆಯಲ್ಲಿ ಭ್ರೂಣ ಪರೀಕ್ಷೆಗಳ ಒಂದು ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು, ಪಕ್ಕದಲ್ಲಿ ದರ. ಹೊರಪದರದಿಂದ ಕೆಲವು ಜೀವಕೋಶ ತೆಗೆದು ವರ್ಣತಂತು ನೋಡುವುದು ಒಂದು. ಭ್ರೂಣವನ್ನು ಮುಟ್ಟದೆ ನೋಡುವುದು ಇನ್ನೆರಡು: ಇನ್‌ಕ್ಯುಬೇಟರ್ ಒಳಗೇ ಕ್ಯಾಮೆರಾ ಇಟ್ಟು ಕೆಲವು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವುದು, ಮತ್ತೆ ಭ್ರೂಣ ಬೆಳೆದ ದ್ರವದ ಹನಿಯಲ್ಲಿ ಅದು ಬಿಟ್ಟ ಡಿಎನ್‌ಎಯನ್ನು ಪರೀಕ್ಷಿಸುವುದು. ಮುಟ್ಟುವುದಿಲ್ಲ ಎಂಬ ಮಾತೇ ನನ್ನನ್ನು ಸೆಳೆಯಿತು. ನನ್ನನ್ನಂತೂ ಅಷ್ಟು ಚುಚ್ಚಿದ್ದರು, ಅದನ್ನಾದರೂ ಚುಚ್ಚದಿರಲಿ ಅನ್ನಿಸಿತು.

"ಅದ್ರಲ್ಲಿ ಗಂಡೋ ಹೆಣ್ಣೋ ಅಂತಾನೂ ಗೊತ್ತಾಯ್ತದಾ?" ಎಂದರು ಅತ್ತೆ. "ಹಾಗೆ ಕೇಳೋದೇ ತಪ್ಪು ಅತ್ತೆ, 1994ರ ಕಾನೂನಿದೆ" ಎಂದೆ. ಸುಮ್ಮನಾದರು.

ಸಿಕ್ಕಿದ್ದನ್ನೆಲ್ಲ ಓದಿದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇರಿ ಭ್ರೂಣ ಬೆಳೆದು ಬಿಟ್ಟ ದ್ರವವನ್ನು ಎನ್‌ಎಂಆರ್ ಯಂತ್ರದಲ್ಲಿ ಪರೀಕ್ಷಿಸಿ, ಪೈರುವೇಟ್, ಅಲನಿನ್ ಪ್ರಮಾಣದಿಂದ ನಿಲ್ಲುವ ಭ್ರೂಣದ ಸುಳಿವು ಹುಡುಕಿ 2013ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ನಾಡಿನಲ್ಲೇ ಇಂಥ ಕೆಲಸ ನಡೆದಿದೆ ಎಂದು ಧೈರ್ಯ ಬಂತು. ಆದರೆ ಕ್ಯಾಮೆರಾ ವಿಧಾನವನ್ನು ಬ್ರಿಟನ್ ಮತ್ತು ಹಾಂಗ್‌ಕಾಂಗ್‌ನಲ್ಲಿ 1,575 ಮಹಿಳೆಯರ ಮೇಲೆ ಪರೀಕ್ಷಿಸಿದ, 2024ರಲ್ಲಿ ಹೊರಬಂದ ಅಧ್ಯಯನದಲ್ಲಿ ಅದರಿಂದ ಹೆಚ್ಚು ಮಕ್ಕಳು ಹುಟ್ಟಿದ್ದು ಕಾಣಲಿಲ್ಲ. ದ್ರವದ ಡಿಎನ್‌ಎಗೂ ಒಂದು ತೊಡಕಿದೆ: ಅಂಡಾಣುವಿಗೆ ಅಂಟಿಕೊಂಡ ತಾಯಿಯ ಜೀವಕೋಶಗಳ ಡಿಎನ್‌ಎ ಬೆರೆತರೆ ಫಲಿತಾಂಶ ದಾರಿ ತಪ್ಪುತ್ತದೆ.

ಕೊನೆಗೆ ಲ್ಯಾಬಿನ ಎಂಬ್ರಿಯಾಲಜಿಸ್ಟ್ ಒಬ್ಬರನ್ನು ಕಾಡಿಬೇಡಿ ಭೇಟಿಯಾದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮೇಡಂ, ಈ ಪರೀಕ್ಷೆ ಯಾವುದೂ ಭ್ರೂಣವನ್ನ ಉತ್ತಮ ಮಾಡಲ್ಲ. ಹಲವು ಇದ್ದಾಗ ಯಾವುದನ್ನ ಮೊದಲು ಇಡಬೇಕು ಅಂತ ನೋಡೋಕೆ ಅಷ್ಟೇ. ನಿಮಗಿರೋದು ಒಂದು. ಭ್ರೂಣವನ್ನ ಫ್ರೀಜ್ ಮಾಡಿದ ದಿನವೇ ಅದು ಬೆಳೆದ ದ್ರವವನ್ನ ಚೆಲ್ಲಿರ್ತೀವಿ." ಅಷ್ಟು ದಿನದಲ್ಲಿ ನನಗೆ ಸಿಕ್ಕ ಮೊದಲ ನೇರ ಉತ್ತರ. ಹಾಳೆಯಲ್ಲಿದ್ದದ್ದೆಲ್ಲ ಇನ್ನೊಂದು ಸುತ್ತಿನ ಚಿಕಿತ್ಸೆಗೆ, ಇನ್ನಷ್ಟು ಇಂಜೆಕ್ಷನ್‌ಗೆ, ಇನ್ನೊಂದು ಸಾಲಕ್ಕೆ.

3ಬಿಸಿಯನ್ನೇ ಇಡಿಸಿದೆವು. ಅದು ನಿಂತಿತು. ಸ್ಕ್ಯಾನಿಂಗಿನಲ್ಲಿ ಹೃದಯ ಮಿಡಿಯುವುದನ್ನು ನಾನೂ ಇವರೂ ನೋಡಿದೆವು. ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಸಿ ದರ್ಜೆಯಾದ್ದರಿಂದ ಹೋಯಿತೇ ಎಂದು ಕೇಳಿದೆ. ದರ್ಜೆಯಿಂದ ಹಾಗೆ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಈಗ ಆ ಮಾತು ಅರ್ಥವಾಗುತ್ತದೆ. ಆಗ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

2021ರ ಕಾನೂನಿನ ಪ್ರಕಾರ ಐವಿಎಫ್ ಕೇಂದ್ರಗಳು ಚಿಕಿತ್ಸೆಯ ಲಾಭ, ಅಪಾಯ, ಖರ್ಚು, ಫಲಿಸುವ ಸಾಧ್ಯತೆ ಎಲ್ಲವನ್ನೂ ದಂಪತಿಗೆ ತಿಳಿಸಿ ಹೇಳಲೇಬೇಕು. ಅದನ್ನು ಕನ್ನಡದಲ್ಲಿ, ದುಡ್ಡು ಕಟ್ಟಿಸಿಕೊಳ್ಳುವ ಮೊದಲು, ಅತ್ತೆಯಂಥವರನ್ನೂ ಕೂರಿಸಿಕೊಂಡು ಹೇಳಲಿ ಎಂಬುದು ನನ್ನ ಬೇಡಿಕೆ.

ಮೊನ್ನೆ ಕುಣಿಗಲ್ ಕಡೆಯ ಹುಡುಗಿಯೊಬ್ಬಳು ಅಂಥದ್ದೇ ಹಾಳೆ ಹಿಡಿದು ಮನೆಗೆ ಬಂದಳು. ಕಳಿಸಿದ್ದು ಅತ್ತೆಯೇ. "ಅಕ್ಕ, ಯಾವುದಕ್ಕೆ ಟಿಕ್ ಹಾಕ್ಲಿ?" ಎಂದಳು. ನಿನ್ನ ಹತ್ತಿರ ಎಷ್ಟು ಭ್ರೂಣ ಇವೆ ಅಂತ ಮೊದಲು ಲ್ಯಾಬಿನವರನ್ನು ಕೇಳು, ಅಲ್ಲಿಯವರೆಗೆ ಯಾವುದಕ್ಕೂ ಹಾಕಬೇಡ ಎಂದೆ.