ಅಂಚೆಯ ಕಾಕಾ, ಹಾಲಿನ ಭಯ್ಯಾ

ಈಚೆಗೆ ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಒಂದು ಗೊತ್ತುವಳಿ ಮಂಡನೆಯಾಯಿತು. ಮೆಟ್ಟಿಲ ಕೆಳಗಿನ ಗೋಡೆಗೆ ಸಾಲಾಗಿ ಹೊಡೆದಿರುವ ಹದಿನಾರು ತಗಡಿನ ಟಪಾಲು ಪೆಟ್ಟಿಗೆಗಳನ್ನು ಕಿತ್ತುಹಾಕಿ, ಆ ಜಾಗದಲ್ಲಿ ಕೊರಿಯರ್ ಹುಡುಗರು ತರುವ ಪೊಟ್ಟಣಗಳನ್ನಿಡಲು ಒಂದು ಕಪಾಟು ಮಾಡಿಸಬೇಕು ಎಂದು. ವಿಚಾರಿಸಿದರೆ ಹದಿನಾರು ಪೆಟ್ಟಿಗೆಗಳಲ್ಲಿ ಹನ್ನೊಂದರ ಬೀಗದ ಕೈ ಎಲ್ಲಿದೆಯೆಂದು ಮನೆಯವರಿಗೇ ತಿಳಿಯದು. ಒಂದರಲ್ಲಿ ವಾಚ್‌ಮನ್ ತನ್ನ ತಂಬಾಕಿನ ಡಬ್ಬಿ ಇಟ್ಟುಕೊಂಡಿದ್ದ. ಗೊತ್ತುವಳಿ ಸರ್ವಾನುಮತದಿಂದ ಪಾಸಾಯಿತು. ನಾನೂ ಕೈ ಎತ್ತಿದೆ. ಎತ್ತಿ ಮನೆಗೆ ಬಂದಮೇಲೆ ಯಾಕೋ ನಿದ್ದೆ ಹತ್ತಲಿಲ್ಲ.

ನಾನು ಡೊಂಬಿವಲಿಗೆ ಬಂದದ್ದು 1974ರಲ್ಲಿ. ಅದಕ್ಕೆ ಮೊದಲು ಎರಡು ವರ್ಷ ಮಾಟುಂಗಾದ ಒಂದು ಖೋಲಿಯಲ್ಲಿ ಐದು ಜನ ಬ್ರಹ್ಮಚಾರಿಗಳಿದ್ದೆವು. ಅಲ್ಲಿ ಹಾಲೆಂದರೆ ನಸುಕಿನಲ್ಲಿ ಎದ್ದು, ಕಾರ್ಡು ಮತ್ತು ಖಾಲಿ ಸೀಸೆ ಹಿಡಿದು, ಆರೇ ಕೇಂದ್ರದ ಮುಂದೆ ಸಾಲಿನಲ್ಲಿ ನಿಲ್ಲುವುದು. ಊರೊಳಗಿನ ಎಮ್ಮೆಗಳನ್ನೆಲ್ಲ ಗೋರೆಗಾಂವಿನ ಕಡೆಗೆ ಸಾಗಿಸಿ, ಶಹರಕ್ಕೆ ಶುದ್ಧ ಹಾಲು ಕೊಡಬೇಕೆಂದು 1949ರಲ್ಲಿ ಆರೇ ಕಾಲೊನಿಯನ್ನು ಕಟ್ಟಿದ ದಾರಾ ಖುರೋಡಿಯವರ ಸಾಹಸ ದೊಡ್ಡದು. ಅದಕ್ಕಾಗಿ 1963ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂದಿತು. ಆದರೆ ನಿದ್ದೆಗಣ್ಣಿನ ಬ್ರಹ್ಮಚಾರಿಗೆ ಇತಿಹಾಸ ಬೇಕಾಗಿರಲಿಲ್ಲ, ಚಹ ಬೇಕಾಗಿತ್ತು. ಹಾಗಾಗಿ ಮದುವೆಯಾಗಿ, ಅಮ್ಮನನ್ನೂ ಕುಮಟೆಯಿಂದ ಕರೆಸಿಕೊಂಡು ಡೊಂಬಿವಲಿಯ ಮೂರನೆಯ ಮಾಳಿಗೆಯಲ್ಲಿ ಬಿಡಾರ ಹೂಡಿದಾಗ, ಹಾಲು ತಾನಾಗಿ ಬಾಗಿಲಿಗೆ ಬರುತ್ತದೆ ಎಂಬುದೇ ನನಗೆ ದೊಡ್ಡ ಐಶ್ವರ್ಯವೆನಿಸಿತು.

ಹಾಲಿನ ಭಯ್ಯಾ ಜೌನಪುರ ಜಿಲ್ಲೆಯವನು. ಕಲ್ಯಾಣದ ಖಾಡಿಯ ಬದಿಯ ತಬೇಲೆಯೊಂದರಿಂದ ಹಾಲು ತರುತ್ತಿದ್ದ. ಸೈಕಲ್ಲಿನ ಎರಡೂ ಕಡೆ ಕ್ಯಾನು ತೂಗುಹಾಕಿಕೊಂಡು ಬಂದು, ಕೆಳಗೆ ಸ್ಟ್ಯಾಂಡ್ ಹಾಕಿ, ಲಿಫ್ಟಿಲ್ಲದ ಮೂರು ಮಾಳಿಗೆ ಹತ್ತುತ್ತಿದ್ದ. ಅಮ್ಮ ಪಾತ್ರೆ ಹಿಡಿದರೆ ಅರ್ಧ ಲೀಟರಿನ ಮಾಪಿನಿಂದ ಎರಡು ಸಲ ಅಳೆದು, ಕೊನೆಗೆ ಒಂದು ತೊಟ್ಟು ಮೇಲುಹಾಲು ಹಾಕುತ್ತಿದ್ದ. ಹಾಲಿಗೆ ನೀರು ಬೆರೆಸುತ್ತಿದ್ದನೇ ಎಂದರೆ, ಬೆರೆಸುತ್ತಿದ್ದ. ಅಮ್ಮ ಹೇಳುತ್ತಿದ್ದಳು, ಅವನು ಬೆರೆಸುತ್ತಾನೆ, ನಾನು ಬೈಯುತ್ತೇನೆ, ಇಬ್ಬರೂ ನಮ್ಮ ನಮ್ಮ ಧರ್ಮ ಬಿಟ್ಟಿಲ್ಲ ಎಂದು. ಬೈಗುಳ ಕನ್ನಡದಲ್ಲಿ, ಸಮಜಾಯಿಷಿ ಭೋಜಪುರಿಯಲ್ಲಿ. ತಿಂಗಳ ಲೆಕ್ಕ ನಮ್ಮ ಮನೆಯವಳು ಕಾಲನಿರ್ಣಯ ಕ್ಯಾಲೆಂಡರಿನ ಚೌಕಗಳಲ್ಲಿ ಬರೆಯುತ್ತಿದ್ದಳು, ಭಯ್ಯಾ ತನ್ನ ತಲೆಯಲ್ಲಿ. ಎರಡೂ ಲೆಕ್ಕ ತಾಳೆಯಾಗದ ತಿಂಗಳು ನನಗೆ ನೆನಪಿಲ್ಲ.

ಈಗ ಅಂಚೆಯ ಮಾತಿಗೆ ಬರೋಣ. ನಮ್ಮ ಕಡೆಯ ಹಿರಿಯರಲ್ಲಿ ಬಹಳ ಮಂದಿಗೆ ಕನ್ನಡವಲ್ಲದೆ ಬೇರೆ ಅಕ್ಷರ ಬಾರದು. ಅವರು ಕಾರ್ಡಿನ ಮೇಲೆ ವಿಳಾಸವನ್ನೂ ಕನ್ನಡದಲ್ಲೇ ಬರೆಯುತ್ತಿದ್ದರು. ‘ಚಿರಂಜೀವಿಗೆ’ ಎಂದು ಆರಂಭಿಸಿ, ಕಟ್ಟಡದ ಹೆಸರನ್ನು ತಮಗೆ ಕೇಳಿಸಿದಂತೆ ಬರೆದು, ಕೊನೆಗೆ ‘ಡೊಂಬಿವಲಿ, ಮುಂಬಯಿ’ ಎಂದು ಮುಗಿಸಿದರೆ ತೀರಿತು. ಊರಿನ ಪೋಸ್ಟ್‌ಮಾಸ್ತರರು ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಡೊಂಬಿವಲಿ’ ಎಂದು ಗೀಚಿಕೊಟ್ಟರೆ ಕಾಗದ ಇಲ್ಲಿಯ ತನಕ ಬಂದೀತು. ಬಂದಮೇಲೆ ಯಾರ ಮನೆಗೆ ಎಂಬುದೇ ಪ್ರಶ್ನೆ.

ಇಂಥ ಫಜೀತಿಗಳಿಗೆಂದೇ ಪಿನ್‌ಕೋಡ್ ಹುಟ್ಟಿಕೊಂಡಿತು. ಒಂದೇ ಹೆಸರಿನ ಹತ್ತು ಊರುಗಳು, ಹತ್ತು ಭಾಷೆಗಳ ವಿಳಾಸಗಳು, ಇವುಗಳ ಗೊಂದಲ ತಪ್ಪಲೆಂದು ಅಂಚೆ ಖಾತೆಯ ಹಿರಿಯ ಅಧಿಕಾರಿ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು ರೂಪಿಸಿದ ಆರು ಅಂಕಿಗಳ ಈ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ನಮ್ಮ ಡೊಂಬಿವಲಿ ಪೂರ್ವಕ್ಕೆ 421201, ಕಲ್ಯಾಣಕ್ಕೆ 421301. ಥಾಣೆಗೆ 400601, ವಾಶಿಗೆ 400703. ಅಂದರೆ ಥಾಣೆಯವರೂ ನವಿ ಮುಂಬಯಿಯವರೂ ಅಂಕಿಯ ಲೆಕ್ಕದಲ್ಲಿ ಮುಂಬಯಿಯ ನಾಲ್ಕುನೂರರ ಪಂಕ್ತಿಯಲ್ಲಿ ಕುಳಿತರು, ನಮ್ಮದು ಮಾತ್ರ ಹೊರಗಿನ ಪಂಕ್ತಿ! ಆದರೆ ಪಿನ್‌ಕೋಡ್ ಕಾಗದವನ್ನು ಪೋಸ್ಟಾಫೀಸಿಗೆ ಮುಟ್ಟಿಸಬಲ್ಲದೇ ಹೊರತು ಮನೆ ಬಾಗಿಲಿಗಲ್ಲ. ಅಲ್ಲಿಂದ ಮುಂದಿನದು ಪೋಸ್ಟ್‌ಮನ್ ಕಾಕಾನ ಪಾಲು.

ಕಾಕಾ ಸಾತಾರಾ ಕಡೆಯವರು. ಖಾಕಿ ಅಂಗಿ, ಹೆಗಲಿಗೆ ಚೀಲ, ಮಳೆಗಾಲದಲ್ಲಿ ಚೀಲದ ಮೇಲೊಂದು, ತಲೆಯ ಮೇಲೊಂದು ಪ್ಲಾಸ್ಟಿಕ್. ಕನ್ನಡ ಅಕ್ಷರಗಳಿಗೆ ಅವರಿಟ್ಟ ಹೆಸರು ಜಿಲೇಬಿ. ನಮ್ಮ ಮನೆಗೆ ಬರುವ ಕಾಗದಗಳಿಂದ ನಾವು ಕನ್ನಡದವರೆಂದು ತಿಳಿದ ಮೇಲೆ, ಒಂದು ದಿನ ಬೇರೆ ಯಾರದೋ ಕಾರ್ಡು ತಂದು ಅಮ್ಮನ ಮುಂದೆ ಹಿಡಿದರು. ಅಮ್ಮ ನಾಲ್ಕನೆಯ ಇಯತ್ತೆ ಓದಿದವಳು. ಕನ್ನಡಕ ಏರಿಸಿ ಹೆಸರು ಓದಿ ಹೇಳಿದಳು. ಅಲ್ಲಿಂದ ಮುಂದೆ ಅದೊಂದು ನೇಮವಾಯಿತು. ‘ಆಜೀ, ಜಿಲೇಬಿ ಆಲೀ!’ ಎಂದು ಕಾಕಾ ಕೆಳಗಿನಿಂದಲೇ ಕೂಗುತ್ತಿದ್ದರು. ಜಿಲೇಬಿ ಬಂತು ಎಂಬ ಆ ಕೂಗಿಗೆ ಅಮ್ಮ ಒಲೆಯ ಮೇಲಿನದನ್ನು ಇಳಿಸಿ ಬಾಗಿಲಿಗೆ ಹೋಗುತ್ತಿದ್ದಳು. ಎಷ್ಟೋ ಸಲ ತೆಲುಗಿನ ಕಾಗದವೂ ನಮ್ಮಲ್ಲಿಗೇ ಬರುತ್ತಿತ್ತು. ಅಮ್ಮ ಅದನ್ನೂ ಬಿಡುತ್ತಿರಲಿಲ್ಲ. ‘ತಲೆಕಟ್ಟು ಬೇರೆ, ಆದರೂ ನಮ್ಮ ಅಕ್ಷರದ ತಂಗಿಯೇ’ ಎಂದು ಕೂಡಿಸಿ ಕೂಡಿಸಿ ಹೆಸರು ಹೊರಡಿಸುತ್ತಿದ್ದಳು. ಮರಾಠಿ ಬಾರದೆ, ಹಿಂದಿ ಬಾರದೆ, ಈ ಪರಸ್ಥಳದಲ್ಲಿ ತಾನು ಯಾರಿಗೂ ಬೇಡದವಳೆಂದು ಕೊರಗುತ್ತಿದ್ದ ಅಮ್ಮನಿಗೆ ಸರಕಾರಿ ಕೆಲಸ ಸಿಕ್ಕಂತಾಯಿತು. ಒಂದು ಹಳೆಯ ನೋಟುಬುಕ್ಕಿನಲ್ಲಿ ಹೆಸರು, ಕಟ್ಟಡ, ಯಾವ ಊರಿನವರು ಎಂದು ಬರೆದಿಡತೊಡಗಿದಳು. ನಮ್ಮ ಭಾಗದ ಕನ್ನಡಿಗರೆಲ್ಲ ಮೊದಲ ಬಾರಿ ಯುಗಾದಿಗೆ ಒಟ್ಟು ಸೇರಬೇಕೆಂದಾಗ, ಮನೆಮನೆಗೆ ಕರೆಯ ಹೋಗಲು ನಮಗೆ ಆಧಾರವಾದದ್ದು ಆ ನೋಟುಬುಕ್ಕೇ.

ಇಷ್ಟು ಬರೆದು ನಿಲ್ಲಿಸಿದ್ದರೆ ಇದೊಂದು ಸುಖದ ನೆನಪು. ಆದರೆ ನಿಜ ಹೇಳಲೇಬೇಕು.

1979ರ ಜುಲೈ. ಎಡೆಬಿಡದ ಮಳೆ, ಗಾಡಿಗಳು ಬಂದ್, ನಾನು ಆಫೀಸಿಗೆ ಹೋಗದೆ ಮನೆಯಲ್ಲಿದ್ದೆ. ಅಮ್ಮ ಪಕ್ಕದ ಮನೆಯ ಬಾಣಂತಿಗೆ ನೀರು ಹಾಕಲು ಹೋಗಿದ್ದಳು. ಕಾಕಾ ತೊಯ್ದು ತೊಪ್ಪೆಯಾಗಿ ಬಂದು ಒಂದು ನೀಲಿ ಇನ್‌ಲ್ಯಾಂಡ್ ಕೊಟ್ಟರು. ನೋಡಿದರೆ ರಾಮನಗರದ ಚಾಳೊಂದರಲ್ಲಿದ್ದ ಬಂಟ್ವಾಳದ ಗೆಳೆಯರದು. ದಿನವೂ ಒಂದೇ ಲೋಕಲಿನಲ್ಲಿ ಹೋಗುವವರು. ಮಳೆಯಲ್ಲಿ ಕಾಕಾ ಅಷ್ಟು ದೂರ ಹೋಗುವುದು ಬೇಡವೆಂದು, ‘ಇರಲಿ ಬಿಡಿ, ಸಂಜೆ ನಾನೇ ಕೊಡುತ್ತೇನೆ’ ಎಂದೆ. ಅವರು ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಕೊಟ್ಟುಹೋದರು. ನಾನು ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಸಂಜೆ ಮಳೆ ಜೋರಾಯಿತು. ಮರುದಿನ ಗಾಡಿ ಶುರುವಾಯಿತು, ಗೆಳೆಯರು ಡಬ್ಬಿಯಲ್ಲಿ ಕಾಣಲಿಲ್ಲ, ಕಾಗದ ಮರೆತೇಹೋಯಿತು.

ಐದನೆಯ ದಿನ ತಿಂಗಳು ತುಂಬಿತು. ಹಾಲಿನ ಲೆಕ್ಕಕ್ಕೆಂದು ನಮ್ಮ ಮನೆಯವಳು ಕ್ಯಾಲೆಂಡರು ತೆಗೆದಾಗ ಇನ್‌ಲ್ಯಾಂಡ್ ಕೆಳಗೆ ಬಿತ್ತು. ಓಡಿದೆ. ಅವರು ನನ್ನೆದುರಿಗೇ ಒಡೆದು ಓದಿದರು. ತಂದೆಗೆ ಖಾಯಿಲೆ ಹೆಚ್ಚಾಗಿದೆ, ನಿನ್ನನ್ನು ಕೇಳುತ್ತಿದ್ದಾರೆ, ಕೂಡಲೇ ಹೊರಟು ಬಾ ಎಂದಿತ್ತು. ಅಂದೇ ರಾತ್ರಿ ಅವರು ಮಂಗಳೂರಿನ ಬಸ್ಸು ಹತ್ತಿದರು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ, ಆಗ ಅದರ ಕನಸೂ ಇರಲಿಲ್ಲ. ಮಳೆಯಲ್ಲಿ ಘಟ್ಟ ಇಳಿದು ಊರು ಮುಟ್ಟುವಾಗ ತಂದೆ ತೀರಿಕೊಂಡು ಎರಡು ದಿನವಾಗಿತ್ತು.

ಹದಿನಾಲ್ಕು ದಿನ ಕಳೆದು ಅವರು ತಿರುಗಿ ಬಂದಾಗ ನಾನು ತಲೆ ತಗ್ಗಿಸಿ ಹೋಗಿ ನಿಂತೆ. ‘ನಿಮ್ಮದೇನು ತಪ್ಪು ಮಾರಾಯ್ರೇ, ಅವರು ಟೆಲಿಗ್ರಾಂ ಕೊಡಬೇಕಿತ್ತು’ ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಟೆಲಿಗ್ರಾಂ 2013ರ ಜುಲೈಯಲ್ಲಿ ನಿಂತುಹೋಯಿತೆಂಬ ಸುದ್ದಿಯನ್ನು ಪೇಪರಿನಲ್ಲಿ ಓದಿದಾಗ ಊರೆಲ್ಲ ಏನೇನೋ ನೆನಸಿಕೊಂಡಿತು. ನನಗೆ ನೆನಪಾದದ್ದು ಆ ಒಂದು ಮಾತು.

ಸಂಗತಿ ಕಾಕಾಗೂ ತಿಳಿಯಿತು. ಅವರೂ ಒಂದು ಮಾತು ಆಡಲಿಲ್ಲ. ಜಿಲೇಬಿ ತರುವುದನ್ನು ನಿಲ್ಲಿಸಲೂ ಇಲ್ಲ. ಆದರೆ ಅಂದಿನಿಂದ ಕಾಗದವನ್ನು ಕೈಯಿಂದ ಬಿಡುತ್ತಿರಲಿಲ್ಲ. ತಾವೇ ಹಿಡಿದುಕೊಂಡು ತೋರಿಸಿ, ಅಮ್ಮ ಓದಿ ಹೇಳಿದ್ದನ್ನು ಪೆನ್ಸಿಲಿನಲ್ಲಿ ಮರಾಠಿಯಲ್ಲಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ನಾನೇ ಅಭ್ಯಾಸಬಲದಿಂದ ಕೈ ಚಾಚಿದಾಗ ಮೆಲ್ಲಗೆ ಹೇಳಿದರು: ‘ಓದುವುದು ನಿಮ್ಮ ಕೆಲಸ ಸಾಹೇಬ, ಕೊಡುವುದು ನನ್ನದು.’

ಆ ಮಾತಿನ ತೂಕ ನನಗೆ ಸರಿಯಾಗಿ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಹಾಲಿನ ಭಯ್ಯಾನಿಂದ. 2005ರ ಜುಲೈ 26ರ ಮಹಾಮಳೆಯನ್ನು ಈ ಕಡೆಯವರು ಯಾರೂ ಮರೆತಿರಲಾರರು. ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರು ಬಿತ್ತು. ಉಲ್ಲಾಸ ನದಿ ಉಕ್ಕಿ ಬದಲಾಪುರದಿಂದ ಕಲ್ಯಾಣದವರೆಗೆ ನೀರು ನುಗ್ಗಿತು. ಖಾಡಿಯ ಬದಿಯ ತಬೇಲೆಗಳ ಗತಿ ಕೇಳಬೇಕೇ? ಮೂರನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಭಯ್ಯಾ ನಿಂತಿದ್ದ. ತಲೆ ನರೆತಿತ್ತು, ಕೈಯಲ್ಲಿ ಕ್ಯಾನಿಲ್ಲ, ಮೊಣಕಾಲತನಕ ಕೆಸರು. ಅವನ ಯಜಮಾನನ ಎಮ್ಮೆಗಳಲ್ಲಿ ಎಷ್ಟೋ ಹಗ್ಗದಲ್ಲೇ ಮುಳುಗಿ ಸತ್ತಿದ್ದವು. ಕಲ್ಯಾಣದಿಂದ ನಡೆದುಬಂದಿದ್ದ. ‘ಮಾಂಜೀ, ಹಾಲಿಲ್ಲ. ಎಂಟು ದಿನ ಬೇರೆ ಕಡೆ ತೆಗೆದುಕೊಳ್ಳಿ’ ಎಂದ. ಹಾಲಿಲ್ಲ ಎಂದು ಹೇಳುವುದಕ್ಕೇ ಅವನು ಬಂದಿದ್ದ! ಅಮ್ಮ ಅವನನ್ನು ಕೂಡಿಸಿ ಹಾಲಿಲ್ಲದ ಚಹ ಮಾಡಿಕೊಟ್ಟಳು. ಅಂದು ಬೈಗುಳವಿರಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಹಾಲು ಪ್ಲಾಸ್ಟಿಕ್ ಚೀಲಕ್ಕೆ ಬಂತು. ಮೂಲೆಯ ಅಂಗಡಿಯಲ್ಲಿ ಗೋಕುಳ, ಮಹಾನಂದ, ಅಮುಲ್ ಎಂದು ಬೇಕಾದದ್ದನ್ನು ಆರಿಸಬಹುದು, ನೀರಿನ ಜಗಳವಿಲ್ಲ. ಭಯ್ಯಾ ಊರಿಗೆ ಹೋದ. ಕಾಕಾ ಅದಕ್ಕೂ ಮುಂಚೆಯೇ ನಿವೃತ್ತರಾಗಿದ್ದರು. ಅವರ ನಂತರ ಸೊಸೈಟಿ ಮೆಟ್ಟಿಲ ಕೆಳಗೆ ಪೆಟ್ಟಿಗೆಗಳನ್ನು ಹೊಡೆಸಿತು. ಮಾಳಿಗೆ ಹತ್ತುವ ಪೋಸ್ಟ್‌ಮನ್ನನ ಮೊಣಕಾಲಿನ ದೃಷ್ಟಿಯಿಂದ ಅದು ನ್ಯಾಯವೇ. ಊರಿನ ತಾಯಂದಿರು ತಿಂಗಳುದ್ದ ಕಾಯುತ್ತಿದ್ದ ಹಳೆಯ ಕಾಗದದ ಮನಿಯಾರ್ಡರು 2015ರಲ್ಲಿ ಹೋಯಿತು. 2025ರಲ್ಲಿ ರಿಜಿಸ್ಟರ್ ಟಪಾಲು ಸ್ಪೀಡ್ ಪೋಸ್ಟಿನೊಳಗೆ ಕರಗಿತು. ಪೋಸ್ಟ್‌ಮನ್ ಈಗಲೂ ಬರುತ್ತಾನೆ, ಬ್ಯಾಂಕಿನ ಕಾರ್ಡು ತರುತ್ತಾನೆ, ಮೊಬೈಲಿನ ಮೇಲೆ ಸಹಿ ಹಾಕಿಸಿಕೊಳ್ಳುತ್ತಾನೆ. ಆದರೆ ‘ಇದು ಯಾರದು, ಓದಿ ಹೇಳಿ’ ಎಂದು ಕೇಳುವ ಕಾರಣ ಅವನಿಗಿಲ್ಲ. ಕನ್ನಡದಲ್ಲಿ ವಿಳಾಸ ಬರೆಯುವ ಕೈಗಳೂ ಇಲ್ಲ.

ಮಗಳು ಖಾರಘರದಲ್ಲಿದ್ದಾಳೆ. ಹದಿನೇಳನೆಯ ಮಾಳಿಗೆ. ಸೆಕ್ಟರು, ಪ್ಲಾಟು, ವಿಂಗು, ಎಲ್ಲ ಅಂಕಿಗಳೇ. ಹಾಲು, ಕೊತ್ತಂಬರಿ, ಔಷಧಿ, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ನಮ್ಮ ಕಾಲಕ್ಕಿಂತ ಹೆಚ್ಚೇ ಮನೆಬಾಗಿಲ ಸೇವೆ, ಇಲ್ಲವೆನ್ನಲಾರೆ. ತಂದವನು ಬಾಗಿಲ ಹೊರಗಿಟ್ಟು, ಫೋಟೋ ಹೊಡೆದು, ಗಂಟೆ ಒತ್ತಿ ಹೋಗುತ್ತಾನೆ. ಬಾಗಿಲು ತೆರೆಯುವಷ್ಟರಲ್ಲಿ ಲಿಫ್ಟು ಇಳಿದಿರುತ್ತದೆ. ಅವನ ತಪ್ಪೆಂದು ನಾನು ಹೇಳೆನು. ಹತ್ತು ನಿಮಿಷದ ಗಡಿಯಾರ ಅವನ ಬೆನ್ನ ಮೇಲಿದೆ. ಅವನಿಗೆ ಕೊಟ್ಟ ಕೆಲಸ ತಲುಪಿಸುವುದು, ಕೊಡುವುದಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಸೊಸೈಟಿಯ ಸಭೆಯಾದ ವಾರದಲ್ಲೇ ನಮ್ಮ ಈ ಮಾಸಪತ್ರಿಕೆಯ ಒಂದು ಪ್ರತಿ ‘ವಿಳಾಸದಾರರು ಇಲ್ಲ’ ಎಂದು ಮರಳಿ ಬಂದಿತ್ತು. ನಿನಗೆ ಇವರ ಪರಿಚಯವಿದೆಯಲ್ಲ, ಹೊಸ ವಿಳಾಸ ಗೊತ್ತೇ ಎಂದು ಸಂಪಾದಕರು ನನ್ನನ್ನು ಕೇಳಿದರು. ನೋಡಿದರೆ ಅದೇ ಬಂಟ್ವಾಳದ ಗೆಳೆಯರದು. ರಾಮನಗರದ ಚಾಳು ಬಿಟ್ಟು ಎಷ್ಟೋ ಮನೆ ಬದಲಿಸಿ, ಈಗ ಥಾಣೆಯ ಘೋಡಬಂದರ್ ರಸ್ತೆಯಲ್ಲಿ ಮಗನ ಮನೆಯಲ್ಲಿದ್ದಾರೆಂದು ಫೋನು ಮಾಡಿದಾಗ ತಿಳಿಯಿತು. ವಿಳಾಸ ಬರೆದುಕೊಂಡೆ. ‘ಕಳಿಸಿಬಿಡುತ್ತೇವೆ’ ಎಂದರು ಸಂಪಾದಕರು. ಬೇಡವೆಂದೆ.

ಮರುದಿನ ಮಧ್ಯಾಹ್ನದ ಲೋಕಲು ಹಿಡಿದು ಥಾಣೆಗೆ ಹೋದೆ. ರಿಕ್ಷಾ ಮಾಡಿ ಅವರ ಕಟ್ಟಡದ ಗೇಟಿಗೆ ಮುಟ್ಟಿದೆ. ಸೆಕ್ಯುರಿಟಿಯವನು ಪುಸ್ತಕದಲ್ಲಿ ಹೆಸರು ಬರೆಸಿಕೊಂಡು, ನನ್ನ ಕೈಯಲ್ಲಿದ್ದ ಪತ್ರಿಕೆ ನೋಡಿ, ‘ಈ ಮೇಜಿನ ಮೇಲಿಡಿ ಬಾಬಾ, ನಾವು ಮೇಲೆ ಕಳಿಸುತ್ತೇವೆ’ ಎಂದ. ಒಳ್ಳೆಯ ಹುಡುಗ, ನನ್ನ ವಯಸ್ಸು ನೋಡಿ ಹೇಳಿದ್ದು. ‘ಇಲ್ಲಪ್ಪ, ಕೈಗೇ ಕೊಡಬೇಕು’ ಎಂದೆ.

ಗೆಳೆಯರೇ ಬಾಗಿಲು ತೆರೆದರು. ಕಣ್ಣು ಮಂಜಾಗಿದೆ, ಕೈ ಸ್ವಲ್ಪ ನಡುಗುತ್ತದೆ. ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು, ಸುತ್ತಿದ ಕಾಗದದ ಮೇಲೆ ನಾನು ಕನ್ನಡದಲ್ಲಿ ಬರೆದಿದ್ದ ಅವರ ಹೆಸರನ್ನು ನಿಧಾನವಾಗಿ ಓದಿದರು. ಆಮೇಲೆ ಮುಖವೆತ್ತಿ ಕೇಳಿದರು.

‘ಇದು ಬಂದು ಎಷ್ಟು ದಿನ ಆಯ್ತು ಮಾರಾಯ್ರೇ?’

‘ನಿನ್ನೆ ಸಿಕ್ಕಿತು’ ಎಂದೆ.